ಮಂಡಿ ನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ ಅಪ್ಪಯ್ಯನ ಕಿಡ್ನಿಗೆ ಬಂತು. ನಿಮ್ಮ ಮನೆ ಡಬ್ಬಿಯಲ್ಲಿ ಏನಿದೆ?

ಅಡಿಕೆಮನೆ
ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಿಂದುಮುಂದಾಗಿದ್ದರೆ ಹೊಂದಿಕೊಳ್ಳಿ.

ಅಪ್ಪಯ್ಯನಿಗೆ 67. ಬಿಪಿ ಇದೆ, ಐದಾರು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಮಾತ್ರೆ. ಬೇರೆ ಕಾಯಿಲೆ ಇಲ್ಲ. ಈ ಸಲ ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಸಿಗಲಿಲ್ಲ. ಸಂಜೆ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದಾದರೂ ಏಳುತ್ತಿರಲಿಲ್ಲ. ಮಂಡಿ ಹಿಡಿದುಕೊಂಡಿತು. ಪೇಟೆಗೆ ಹೋಗುವವರ ಹತ್ತಿರ "ನೋವಿಗೆ ನಾಲ್ಕು ಮಾತ್ರೆ ತಾ" ಅಂತ ಹೇಳಿ ತರಿಸಿಕೊಂಡರು. ಹಾಯೆನಿಸಿತು. ಮತ್ತೆ ತರಿಸಿದರು. ಹೀಗೆ ಎರಡು ವಾರಕ್ಕೂ ಜಾಸ್ತಿ, ದಿನಕ್ಕೆ ಎರಡು.

ಕಳೆದ ವಾರ ಒಂದು ಮದುವೆ ಊಟ ಮಾಡಿ ಬಂದು ಎರಡು ದಿನ ಭೇದಿ. ಬಿಪಿ ಮಾತ್ರೆ ಬಿಡಬಾರದು ಅಂತ ಅದನ್ನೂ ನುಂಗಿದ್ದಾರೆ. ಮೈಕೈ ನೋವು ಅಂತ ನೋವಿನ ಮಾತ್ರೆಯನ್ನೂ ನುಂಗಿದ್ದಾರೆ. ಮೂರನೇ ದಿನ ಮೂತ್ರ ಸರಿಯಾಗಿ ಹೋಗಲಿಲ್ಲ. ಪಾದ ಊದಿತು. ಕಾಫಿ ವಾಸನೆಗೇ ವಾಕರಿಕೆ. ಅಮ್ಮ ಫೋನ್ ಮಾಡಿದಾಗ ನಾನು "ನಿಶ್ಶಕ್ತಿ ಇರಬೇಕು, ಎಳನೀರು ಕೊಡು" ಅಂದೆ. ಎರಡು ದಿನ ಎಳನೀರು ಕುಡಿಸಿದರು. ಆಮೇಲೆ ಪಕ್ಕದ ಮನೆಯವರು ಕಾರಿನಲ್ಲಿ ಕರೆದುಕೊಂಡು ಬಂದರು. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ಕ್ರಿಯಾಟಿನಿನ್, 3.4. ಜಾಸ್ತಿ ಆದಷ್ಟೂ ಕೆಟ್ಟದ್ದು. ಹೋದ ವರ್ಷ 1.1 ಇತ್ತು.

ನಿನ್ನೆ ಮನೆಗೆ ಹೋಗಿ ಮಾತ್ರೆ ಡಬ್ಬಿ ತೆಗೆದೆ. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಜಗುಲಿಯಲ್ಲಿ ಪೇಪರ್ ಹಾಸಿ ಸುರಿದೆ. ಕತ್ತರಿಸಿದ ಶೀಟಿನ ತುಂಡು ಹದಿನೇಳು. ಕೆಲವದರಲ್ಲಿ ಎರಡು ಮಾತ್ರೆ, ಕೆಲವದರಲ್ಲಿ ಒಂದು, ಕೆಲವು ಬರೀ ಖಾಲಿ ಗುಳಿ. ಹೆಸರು ಪೂರ್ತಿ ಓದಲು ಬಂದದ್ದು ಐದರಲ್ಲಿ ಮಾತ್ರ. ಒಂದರ ಮೇಲೆ "ಫೆನಾಕ್ ಮತ್ತು ಪ್ಯಾರಾ" ಅಂತ ಇದೆ, ಹಿಂದಿನದೂ ಮುಂದಿನದೂ ಕತ್ತರಿಗೆ ಹೋಗಿದೆ. ಎಲ್ಲವನ್ನೂ ಕವರಿನಲ್ಲಿ ಹಾಕಿಕೊಂಡು ಬಂದು ಡಾಕ್ಟರಿಗೆ ತೋರಿಸಿದೆ. ಅವರು ಒಂದೊಂದೇ ಬೆಳಕಿಗೆ ಹಿಡಿದು ನೋಡಿ ಹೇಳಿದರು: ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಇರುವುದು ಒಂದು ತರಹ, ಡೈಕ್ಲೋಫೆನಾಕ್ 50 ಇನ್ನೊಂದು ತರಹ. ಎರಡೂ ಒಂದೇ ಜಾತಿ. ಅಪ್ಪಯ್ಯ "ಬಿಳಿದು ಬೆಳಿಗ್ಗೆಗೆ, ಕೆಂಪಿನದು ರಾತ್ರಿಗೆ" ಅಂತ ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದರು.

ನನಗೆ ಅರ್ಥ ಆಗದ್ದು ಎರಡು. ಒಂದು, ಅವರು ಯಾವತ್ತೂ ಖಾಲಿ ಹೊಟ್ಟೆಗೆ ತಗೊಂಡಿಲ್ಲ, ಊಟ ಆದ ಮೇಲೇ. ಆದರೂ ಹೀಗೇಕೆ? ಎರಡು, ಮಂಡಿ ನೋವು ಹಾಗೇ ಇದೆ. ಇನ್ನು ಮುಂದೆ ಏನು ಮಾಡೋದು?


ತಿಪಟೂರು ತೆಂಗು
ಶನಿವಾರ, ರಾತ್ರಿ 9:30

ಅಪ್ಪಯ್ಯ ಬೇಗ ಹುಷಾರಾಗಲಿ. ಓದುತ್ತಾ ಎದ್ದು ಹೋಗಿ ನಮ್ಮ ಡಬ್ಬಿ ನೋಡಿದೆ. ನಮ್ಮದು ಹಾರ್ಲಿಕ್ಸ್ ಬಾಟಲಿ, ಒಳಗಿರೋದು ನಿಮ್ಮದೇ ಕಥೆ.


ಗಟ್ಟಿಜೀವ
ಶನಿವಾರ, ರಾತ್ರಿ 9:51

ಬೇಜಾರಾಯ್ತು. ಆದರೆ ಒಂದು ಮಾತು. ನಾನು ತಲೆನೋವಿಗೆ ವಾರದಲ್ಲಿ ನಾಲ್ಕು ದಿನ ಕಾಂಬಿಫ್ಲಾಮ್ ತಗೊಳ್ಳುತ್ತೇನೆ, ಹತ್ತು ವರ್ಷ ಆಯ್ತು. ಗುಂಡುಕಲ್ಲಿನ ಹಾಗಿದ್ದೇನೆ. ನಿಮ್ಮ ತಂದೆಯವರಿಗೆ ಆದದ್ದು ಭೇದಿಯಿಂದ ಇರಬಹುದು. ಸುಮ್ನೆ ಮಾತ್ರೆ ಮೇಲೆ ಯಾಕೆ ಹಾಕೋದು?


ಒಪಿಡಿ ಅಕ್ಕ
ಶನಿವಾರ, ರಾತ್ರಿ 11:05

ಡ್ಯೂಟಿ ಮುಗಿಸಿ ಈಗ ನೋಡಿದೆ. ನಾನು ಜನರಲ್ ಮೆಡಿಸಿನ್ ಡಾಕ್ಟರ್, ತಾಲ್ಲೂಕು ಆಸ್ಪತ್ರೆಯಲ್ಲಿ. ನಿಮ್ಮ ತಂದೆಯವರ ಚಿಕಿತ್ಸೆ ಅಲ್ಲಿನ ಡಾಕ್ಟರಿಗೆ ಬಿಟ್ಟದ್ದು. ಹೀಗೆ ಯಾಕಾಗುತ್ತದೆ ಅನ್ನೋದನ್ನು ಮಾತ್ರ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ "ಎಚ್" ಅಂತ ಇದೆಯಾ?


ಅಡಿಕೆಮನೆ
ಶನಿವಾರ, ರಾತ್ರಿ 11:11

ಹೌದು ಮೇಡಂ. ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಅಂತ ಹಿಂದೆ ಬರೆದಿದೆ. ನಿಮಗೆ ಹೇಗೆ ಗೊತ್ತಾಯ್ತು?


ಒಪಿಡಿ ಅಕ್ಕ
ಶನಿವಾರ, ರಾತ್ರಿ 11:40

ತಿಂಗಳಿಗೆ ಒಬ್ಬರಾದರೂ ಇದೇ ಜೋಡಿ ಹಿಡಿದುಕೊಂಡು ಬರುತ್ತಾರೆ, ಅದಕ್ಕೆ.

ನೀವು ತೋಟ ಗದ್ದೆ ಕಂಡವರು, ಹಾಗೇ ಹೇಳುತ್ತೇನೆ. ಕಿಡ್ನಿಯೊಳಗಿನ ಜರಡಿಯನ್ನು ಒಂದು ಸಣ್ಣ ಗದ್ದೆ ಅಂದುಕೊಳ್ಳಿ. ಒಂದು ಕಡೆ ನೀರು ಒಳಗೆ ಬರುವ ತೂಬು, ಇನ್ನೊಂದು ಕಡೆ ಹೊರಗೆ ಹೋಗುವ ತೂಬು. ನಡುವೆ ನೀರು ನಿಂತರೆ ತಾನೇ ಸೋಸಲು ಆಗೋದು? ಒಳಗಿನ ತೂಬನ್ನು ತೆರೆದಿಡುವ ಒಂದು ರಾಸಾಯನಿಕವನ್ನು ಮೈ ತಾನೇ ತಯಾರಿಸುತ್ತದೆ, ಪ್ರೊಸ್ಟಗ್ಲಾಂಡಿನ್ ಅಂತ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಅದನ್ನು ತಡೆಯುತ್ತವೆ. ಆಗ ಒಳಗಿನ ತೂಬು ಕಿರಿದಾಗುತ್ತದೆ. ಟೆಲ್ಮಿಸಾರ್ಟಾನ್ ಹೊರಗಿನ ತೂಬನ್ನು ಅಗಲ ಮಾಡುತ್ತದೆ. "ಎಚ್" ಅನ್ನೋದು ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ತೆಗೆಯುವ ಔಷಧಿ. ಇಷ್ಟಾದರೂ ಗಟ್ಟಿ ಕಿಡ್ನಿ ಹೇಗೋ ನಿಭಾಯಿಸುತ್ತದೆ. ಅದರ ಮೇಲೆ ಎರಡು ದಿನ ಭೇದಿ ಬಂದರೆ ಕೆರೆಯಲ್ಲೇ ನೀರಿಲ್ಲ. ಗದ್ದೆ ಒಣಗಿತು. ಗಟ್ಟಿಜೀವ ಅವರೇ, ನಿಮ್ಮ ಮಾತು ಅರ್ಧ ನಿಜ. ಬರೀ ಭೇದಿ ಆಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ. ಬರೀ ಮಾತ್ರೆ ಆಗಿದ್ದರೂ ತಡೆದುಕೊಳ್ಳುತ್ತಿದ್ದರೋ ಏನೋ. ಎಲ್ಲಾ ಒಂದೇ ವಾರ ಬಂತು. ನಾವು ಇದಕ್ಕೆ "ಟ್ರಿಪಲ್ ವ್ಯಾಮಿ" ಅನ್ನುತ್ತೇವೆ, ಬಿಪಿ ಮಾತ್ರೆ, ನೀರಿನ ಮಾತ್ರೆ, ನೋವಿನ ಮಾತ್ರೆ, ಮೂರೂ ಸೇರಿ ಕೊಡುವ ಏಟು.

ಇನ್ನು ಊಟದ ಪ್ರಶ್ನೆ. ಇದು ನಮ್ಮ ಕಡೆ ಬಹಳ ಗಟ್ಟಿಯಾಗಿ ಬೇರೂರಿದ ನಂಬಿಕೆ. "ಊಟ ಆದ ಮೇಲೆ ತಗೊಂಡರೆ ಏನೂ ಆಗಲ್ಲ." ಆಸ್ಪಿರಿನ್ ತರಹದ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಡೆದೇ ಕೆಲಸ ಮಾಡುತ್ತವೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು, 1982ರಲ್ಲಿ ನೊಬೆಲ್ ಬಂತು. ಹೊಟ್ಟೆಯ ಒಳಪದರಕ್ಕೆ ಲೋಳೆಯ ರಕ್ಷಣೆ ಕೊಡುವುದೂ ಅದೇ ಪ್ರೊಸ್ಟಗ್ಲಾಂಡಿನ್. ಮಾತ್ರೆ ಕರಗಿ ರಕ್ತಕ್ಕೆ ಸೇರಿದ ಮೇಲೆ ರಕ್ತದ ದಾರಿಯಿಂದಲೇ ಬಂದು ಅದನ್ನು ತಡೆಯುತ್ತದೆ. ಹಾಗಾಗಿ ಸೊಂಟಕ್ಕೆ ಸೂಜಿ ಹಾಕಿಸಿಕೊಂಡರೂ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಊಟ ಮಾಡಿ ತಗೊಂಡರೆ ಉರಿ ಕಡಿಮೆ ಅನಿಸುತ್ತದೆ, ಅಷ್ಟೇ. ಕಿಡ್ನಿಗಂತೂ ನೀವು ಊಟ ಮಾಡಿದಿರೋ ಬಿಟ್ಟಿರೋ ಗೊತ್ತೇ ಆಗುವುದಿಲ್ಲ.

ಎಳನೀರಿನ ಬಗ್ಗೆ. ನಾಚಿಕೆ ಪಡಬೇಡಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಭೇದಿಗೆ ಒಳ್ಳೆಯದೇ. ಆದರೆ ಮೂತ್ರ ನಿಂತು ಕಾಲು ಊದಿದ ಮೇಲೆ ಬೇಡ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತಕ್ಕೆ ತೊಂದರೆ.


ಕೌಂಟರ್ ಹಿಂದಿನವ
ಭಾನುವಾರ, ಬೆಳಿಗ್ಗೆ 7:20

ನಾನು ಮೆಡಿಕಲ್ ಇಟ್ಟವನು, 22 ವರ್ಷ ಆಯ್ತು, ದಾವಣಗೆರೆ ಕಡೆ. ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ.

ನೀವೆಲ್ಲ "ಚೀಟಿ ಬೇಡದ ಮಾತ್ರೆ" ಅನ್ನುತ್ತೀರಿ. ನಮ್ಮ ದೇಶದ ಕಾನೂನಿನಲ್ಲಿ ಹಾಗಂತ ಒಂದು ಪಟ್ಟಿಯೇ ಇಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮೆಫೆನಮಿಕ್ ಆಸಿಡ್ ಎಲ್ಲಾ ಷೆಡ್ಯೂಲ್ ಎಚ್ ಅನ್ನುವ ಪಟ್ಟಿಯಲ್ಲಿವೆ. ಶೀಟಿನ ಮೇಲೆ ಕೆಂಪು ಅಕ್ಷರದಲ್ಲಿ ಗುರುತು ಇರುತ್ತದೆ, ಡಾಕ್ಟರ್ ಚೀಟಿ ಮೇಲೆ ಮಾತ್ರ ಮಾರಬೇಕು ಅಂತ. ನಾನು ಮಾರುತ್ತೇನಾ? ಮಾರುತ್ತೇನೆ. ಸುಳ್ಳು ಯಾಕೆ ಹೇಳಲಿ. ಗದ್ದೆಯಿಂದ ನೇರವಾಗಿ ಬಂದು ಸೊಂಟ ಹಿಡಿದುಕೊಂಡು ನಿಂತವನಿಗೆ "ಹೋಗಿ ಇನ್ನೂರು ರೂಪಾಯಿ ಕೊಟ್ಟು ಚೀಟಿ ಬರೆಸಿಕೊಂಡು ಬಾ" ಅಂದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ.

ಆದರೆ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ, ಆ ಕತ್ತರಿ ವಿಷಯ. ಶೀಟಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ ಒಂದು ತುದಿಯಲ್ಲಿ ಅಚ್ಚಾಗಿರುತ್ತದೆ. ಆ ತುದಿ ನಮ್ಮ ಹತ್ತಿರ ಉಳಿಯಬೇಕು, ಇಲ್ಲದಿದ್ದರೆ ಉಳಿದ ಮಾತ್ರೆ ಯಾವಾಗಿನದು ಅಂತ ನಮಗೇ ಗೊತ್ತಾಗಲ್ಲ. ಅದಕ್ಕೆ ಇನ್ನೊಂದು ತುದಿಯಿಂದ ಕತ್ತರಿಸುತ್ತೇವೆ. ಅಂದರೆ ಗಿರಾಕಿಗೆ ಹೋಗೋದು ಯಾವಾಗಲೂ ತಲೆ ಇಲ್ಲದ ತುಂಡು. ಇಷ್ಟು ವರ್ಷ ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಈಗ ಎಲ್ಲರ ಹತ್ತಿರ ಮೊಬೈಲ್ ಇದೆ. ಕತ್ತರಿಸುವ ಮೊದಲು ಶೀಟನ್ನು ತಿರುಗಿಸಿ ಹಿಡಿಯಲು ಹೇಳಿ, ಒಂದು ಫೋಟೋ ತೆಗೆದುಕೊಳ್ಳಿ. ಯಾರೂ ಬೇಡ ಅನ್ನಲ್ಲ.

ಇನ್ನೊಂದು. ನೀವು ಬಂದು "ನೋವಿಗೆ ಕೊಡಿ" ಅಂತೀರಿ. "ನನಗೆ ಬಿಪಿ ಇದೆ" ಅಂತ ಹೇಳೋದೇ ಇಲ್ಲ. ಪಕ್ಕದ ಮನೆಯವರಿಗೆ ಅಂತ ತರಲು ಬಂದವರಿಗೆ ಅದೂ ಗೊತ್ತಿರಲ್ಲ. ಸಂಜೆ ಏಳು ಗಂಟೆಗೆ ಕೌಂಟರ್ ಮುಂದೆ ಹತ್ತು ಜನ ಇರುವಾಗ ನಾನೂ ಕೇಳಲ್ಲ. ನಿಮ್ಮ ಸಿಟ್ಟು ನ್ಯಾಯವೇ.


ಅಡಿಕೆಮನೆ
ಭಾನುವಾರ, ಬೆಳಿಗ್ಗೆ 8:02

ಅಣ್ಣ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ನನ್ನ ಮೇಲೇ ಇದೆ.


ಪೇಡೆ ಪ್ರಿಯೆ
ಭಾನುವಾರ, ಬೆಳಿಗ್ಗೆ 10:15

ಧಾರವಾಡದಿಂದ ನಮಸ್ಕಾರ ರೀ. ನಮ್ಮ ಅತ್ತೆಯವರದು ಹೊಟ್ಟೆಯ ಕಥೆ. ಹಾರ್ಟಿಗೆ ಸ್ಟೆಂಟ್ ಹಾಕಿಸಿ ಮೂರು ವರ್ಷ. ದಿನಾ ಆಸ್ಪಿರಿನ್ 75ರ ಸಣ್ಣ ಗುಳಿಗೆ. ಭುಜ ಹಿಡಿದುಕೊಂಡಿತ್ತು ಅಂತ ಐಬುಪ್ರೊಫೇನ್ 400 ದಿನಕ್ಕೆ ಮೂರು, ಒಂಬತ್ತು ದಿನ. ಹೊಟ್ಟೆನೋವು ಅಂತ ಒಂದು ಮಾತು ಆಡಿಲ್ಲ. ಒಂದು ದಿನ ದೇವರ ಮನೆಯಿಂದ ಏಳಲು ಹೋಗಿ ತಲೆ ತಿರುಗಿ ಅಲ್ಲೇ ಕೂತರು. ಮುಖ ಬಿಳಿಚಿ ಕಾಗದದ ಹಾಗೆ. ಕೇಳಿದರೆ ಮೂರು ದಿನದಿಂದ ಸಂಡಾಸು ಡಾಂಬರಿನ ಹಾಗೆ ಕರ್ರಗೆ, ಅಂಟು ಅಂಟು, ಕೆಟ್ಟ ವಾಸನೆ. "ಹೇಳಲಿಕ್ಕೆ ನಾಚಿಕೆ ಆತು" ಅಂದರು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಹಾಕಿಸಿದೆವು.

ಗ್ಯಾಸ್ಟ್ರಿಕ್ ಗುಳಿಗೆಯೂ ತಗೊಳ್ಳುತ್ತಿದ್ದರು, ಆಗಾಗ. ಉರಿ ಬಂದಾಗ ಮಾತ್ರ.


ಒಪಿಡಿ ಅಕ್ಕ
ಭಾನುವಾರ, ಮಧ್ಯಾಹ್ನ 1:30

ಪೇಡೆ ಪ್ರಿಯೆ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯ್ತು. ಹೊಟ್ಟೆನೋವು ಇಲ್ಲದೆಯೇ ಹುಣ್ಣಿನಿಂದ ರಕ್ತ ಹೋಗಬಹುದು. ತಗೊಳ್ಳುತ್ತಿರುವುದೇ ನೋವಿನ ಮಾತ್ರೆ ಅಲ್ವಾ, ಹುಣ್ಣಿನ ನೋವನ್ನೂ ಅದು ಮುಚ್ಚಿಬಿಡುತ್ತದೆ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ ನಿಜ. ಆದರೆ ಡಾಂಬರಿನಂಥ ಹೊಳಪು, ಅಂಟು, ಆ ವಾಸನೆ ಇದ್ದರೆ ಆ ದಿನವೇ ಆಸ್ಪತ್ರೆ. ಬೆಳಿಗ್ಗೆ ಆಗಲಿ ಅಂತ ಕಾಯಬೇಡಿ.

ಆಸ್ಪಿರಿನ್ ಜೊತೆ ಐಬುಪ್ರೊಫೇನ್ ಸೇರಿದರೆ ಇನ್ನೊಂದು ತೊಂದರೆ ಇದೆ. ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಐಬುಪ್ರೊಫೇನ್ ಮೊದಲೇ ಕೂತುಬಿಟ್ಟಿರುತ್ತದೆ. ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ. ಹಾರ್ಟಿಗಾಗಿ ತಗೊಂಡ ಆಸ್ಪಿರಿನ್ ಕೆಲಸ ಮಾಡದೇ ಹೋಗಬಹುದು. ಸ್ಟೆಂಟ್ ಹಾಕಿಸಿದವರು, ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆದವರು, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇರುವವರು, ಅಂಗಡಿಯಿಂದ ನೋವಿನ ಮಾತ್ರೆ ತರುವ ಮಾತೇ ಬೇಡ. ಹಾರ್ಟ್ ಡಾಕ್ಟರನ್ನೇ ಕೇಳಿ.

ಗ್ಯಾಸ್ಟ್ರಿಕ್ ಮಾತ್ರೆಯನ್ನು "ಉರಿ ಬಂದಾಗ" ತಗೊಂಡರೆ ರಕ್ಷಣೆ ಸಿಗಲ್ಲ. ಪ್ಯಾಂಟೊಪ್ರಜೋಲ್ ತರಹದ್ದು ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಹೋಗಬೇಕು, ನೋವಿನ ಮಾತ್ರೆ ಇರುವಷ್ಟು ದಿನವೂ. ಅದೂ ಕಾಯೋದು ಹೊಟ್ಟೆಯನ್ನು ಮಾತ್ರ. ಕಿಡ್ನಿಗೆ, ಹಾರ್ಟಿಗೆ ಅದರಿಂದ ಏನೂ ಉಪಯೋಗ ಇಲ್ಲ.


ಲೀಡ್ಸ್ ಕನ್ನಡತಿ
ಭಾನುವಾರ, ಸಂಜೆ 5:48

ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ, ಹುಟ್ಟೂರು ಮಂಡ್ಯ. ಇಲ್ಲಿ ಸೂಪರ್‌ಮಾರ್ಕೆಟಿನಲ್ಲಿ ಹಾಲು ಬ್ರೆಡ್ ಪಕ್ಕದಲ್ಲೇ ಐಬುಪ್ರೊಫೇನ್ ಸಿಗುತ್ತದೆ. ಆದರೆ 200 ಮಿ.ಗ್ರಾಂ, ಪ್ಯಾಕೆಟ್ಟಿಗೆ 16 ಮಾತ್ರೆ. ಎಲ್ಲಾ ಡಬ್ಬದ ಮೇಲೆ, ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ: ದಿನಕ್ಕೆ 1200ಕ್ಕಿಂತ ಜಾಸ್ತಿ ಬೇಡ, ಹತ್ತು ದಿನಕ್ಕಿಂತ ಜಾಸ್ತಿ ಬೇಡ. ಇದೇ ದೇಶದಲ್ಲಿ ಡೈಕ್ಲೋಫೆನಾಕ್ ಮಾತ್ರೆಯನ್ನು 2015ರ ಜನವರಿಯಲ್ಲಿ ಕೌಂಟರಿನಿಂದ ತೆಗೆದುಬಿಟ್ಟರು, ಹಾರ್ಟ್ ತೊಂದರೆಯ ಕಾರಣಕ್ಕೆ. ಈಗ ಚೀಟಿ ಬೇಕೇ ಬೇಕು. ಊರಿಗೆ ಬಂದಾಗ ಅದೇ ಡೈಕ್ಲೋಫೆನಾಕನ್ನು ನಮ್ಮ ಚಿಕ್ಕಪ್ಪ ಶೇಂಗಾ ಬೀಜದ ಹಾಗೆ ಬಾಯಿಗೆ ಹಾಕಿಕೊಳ್ಳುವುದು ನೋಡಿ ಎದೆ ಧಸಕ್ಕೆಂದಿತು.


ರಾಮದೇವರ ಬೆಟ್ಟ
ಭಾನುವಾರ, ರಾತ್ರಿ 8:10

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬೈಬೇಡಿ. ನಾನು ಹಕ್ಕಿ ನೋಡುವವನು, ರಾಮನಗರ. ಡೈಕ್ಲೋಫೆನಾಕ್ ಮತ್ತು ಕಿಡ್ನಿ ಅಂದ ಕೂಡಲೇ ನನಗೆ ನೆನಪಾಗುವುದು ರಣಹದ್ದು. ನೋವಿಗೆ ಅಂತ ದನಗಳಿಗೆ ಡೈಕ್ಲೋಫೆನಾಕ್ ಸೂಜಿ ಹಾಕುತ್ತಿದ್ದರು. ಆ ದನ ಸತ್ತರೆ ಹೆಣ ತಿಂದ ಹದ್ದು ಕಿಡ್ನಿ ಕೆಟ್ಟು ಸಾಯುತ್ತಿತ್ತು. ಇದು ಗೊತ್ತಾದದ್ದು 2004ರಲ್ಲಿ. ಅಷ್ಟರಲ್ಲಿ ಆಕಾಶ ತುಂಬಾ ಇದ್ದ ಹಕ್ಕಿ ನೂರಕ್ಕೆ ಒಂದೆರಡು ಉಳಿದಿತ್ತು. 2006ರಲ್ಲಿ ದನದ ಬಳಕೆಗೆ ನಿಷೇಧ ಬಂತು. ಆದರೆ ಮನುಷ್ಯರ ಸೂಜಿಮದ್ದಿನ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುತ್ತಿದ್ದರು, ಅದಕ್ಕೆ 2015ರಲ್ಲಿ ಬಾಟಲಿಯನ್ನೇ 3 ಮಿ.ಲೀ.ಗೆ ಇಳಿಸಿದರು. 2023ರಲ್ಲಿ ಅಸಿಕ್ಲೋಫೆನಾಕ್, ಕೀಟೊಪ್ರೊಫೇನ್ ಕೂಡ ದನಕ್ಕೆ ಬಂದ್. ನಮ್ಮ ಬೆಟ್ಟದಲ್ಲಿ 2012ರಿಂದ ರಣಹದ್ದು ಧಾಮ ಇದೆ, ಈಗ ಅಲ್ಲಿ ಒಂದು ಹದ್ದು ಕಂಡರೆ ನಮಗೆ ಹಬ್ಬ.

ಮನುಷ್ಯರ ಕಿಡ್ನಿ ಹದ್ದಿನದಕ್ಕಿಂತ ಗಟ್ಟಿ, ಹೋಲಿಸುತ್ತಿಲ್ಲ. ಆದರೂ ಎರಡೂ ಒಂದೇ ಔಷಧಿ.


ಗಟ್ಟಿಜೀವ
ಭಾನುವಾರ, ರಾತ್ರಿ 8:25

ಮಂಡಿ ನೋವಿನಿಂದ ಶುರುವಾಗಿ ರಣಹದ್ದಿಗೆ ಬಂತು. ಈ ವೇದಿಕೆಗೆ ಬರೋದೇ ಇದಕ್ಕೆ. 😄


ಬಿಕಾಂ ಫೈನಲ್
ಭಾನುವಾರ, ರಾತ್ರಿ 9:40

ಅಕ್ಕ, ನನಗೆ ಭಯ ಆಗ್ತಿದೆ. ಪ್ರತಿ ತಿಂಗಳು ಮುಟ್ಟಿನ ಮೊದಲ ಎರಡು ದಿನ ಮೆಫೆನಮಿಕ್ ಆಸಿಡ್ ಇರುವ ಮಾತ್ರೆ ತಗೊಳ್ಳುತ್ತೇನೆ. ಅದಿಲ್ಲದಿದ್ದರೆ ಕಾಲೇಜಿಗೆ ಹೋಗಲು ಆಗಲ್ಲ. ಸರ್ಕಾರದಿಂದ ಎಚ್ಚರಿಕೆ ಬಂದಿದೆ ಅಂತ ವಾಟ್ಸಾಪಿನಲ್ಲಿ ನೋಡಿದೆ. ನಿಲ್ಲಿಸಲಾ?


ಒಪಿಡಿ ಅಕ್ಕ
ಭಾನುವಾರ, ರಾತ್ರಿ 10:20

ಪುಟ್ಟಿ, ಭಯ ಬೇಡ. ಈ ಮಾತ್ರೆಗಳೆಲ್ಲ ವಿಷ ಅಂತ ಯಾರೂ ಹೇಳುತ್ತಿಲ್ಲ. ಮುಟ್ಟಿನ ನೋವು ಬರುವುದೇ ಪ್ರೊಸ್ಟಗ್ಲಾಂಡಿನ್‌ನಿಂದ, ಹಾಗಾಗಿ ಆ ನೋವಿಗೆ ಈ ಜಾತಿಯ ಮಾತ್ರೆಯೇ ಸರಿಯಾದ ಔಷಧಿ. ಬೇರೆ ಕಾಯಿಲೆ ಇಲ್ಲದ ಹುಡುಗಿ ತಿಂಗಳಿಗೆ ಎರಡು ದಿನ ತಗೊಳ್ಳುವುದಕ್ಕೂ, 67 ವಯಸ್ಸಿನ ಬಿಪಿ ಇರುವವರು ಎರಡು ವಾರ ನುಂಗುವುದಕ್ಕೂ ಅಜಗಜಾಂತರ. ನೋವು ತಡೆಯಲಾರದಷ್ಟು ಆದ ಮೇಲಲ್ಲ, ಶುರು ಆಗುತ್ತಿದ್ದ ಹಾಗೇ ತಗೊಂಡರೆ ಕಡಿಮೆ ಮಾತ್ರೆಯಲ್ಲಿ ಕೆಲಸ ಆಗುತ್ತದೆ.

ನೀನು ನೋಡಿದ ಎಚ್ಚರಿಕೆ ನಿಜವೇ, 2023ರ ನವೆಂಬರ್ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಕೊಟ್ಟದ್ದು. ಮೆಫೆನಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಒಂದು ಕೆಟ್ಟ ಅಲರ್ಜಿ ಆಗಬಹುದು ಅಂತ. ಮಾತ್ರೆ ಶುರು ಮಾಡಿ ಎರಡರಿಂದ ಎಂಟು ವಾರದಲ್ಲಿ ಜ್ವರ, ಮೈತುಂಬಾ ಗುಳ್ಳೆ, ಕುತ್ತಿಗೆ ಕಂಕುಳಿನ ಗಂಟು ಊದುವುದು. ಹಾಗೆ ಆದರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ನಿಷೇಧ ಅಲ್ಲ ಅದು. ಆದರೆ ನೋವು ತಿಂಗಳಿಂದ ತಿಂಗಳಿಗೆ ಜಾಸ್ತಿ ಆಗುತ್ತಿದ್ದರೆ ಮಾತ್ರೆ ಹೆಚ್ಚಿಸಬೇಡ, ಸ್ತ್ರೀರೋಗ ಡಾಕ್ಟರಿಗೆ ತೋರಿಸು.

ಮುಂದಕ್ಕೆ ನೆನಪಿರಲಿ: ಗರ್ಭಿಣಿಯರಿಗೆ 20 ವಾರ ದಾಟಿದ ಮೇಲೆ ಈ ಜಾತಿಯ ಮಾತ್ರೆ ಬೇಡ. ಮಗುವಿನ ಕಿಡ್ನಿಗೆ, ಗರ್ಭದ ನೀರಿಗೆ ತೊಂದರೆ. ಉಬ್ಬಸ ಇರುವವರಲ್ಲಿ ಕೆಲವರಿಗೆ ಒಂದು ಮಾತ್ರೆಗೇ ಉಸಿರು ಕಟ್ಟುತ್ತದೆ.

ಗಟ್ಟಿಜೀವ ಅವರೇ, ನಿಮ್ಮನ್ನು ಮರೆತಿಲ್ಲ. ವಾರಕ್ಕೆ ನಾಲ್ಕು ದಿನ ಅಂದರೆ ತಿಂಗಳಿಗೆ ಹದಿನಾರು ಹದಿನೇಳು. ನೀವು ತಗೊಳ್ಳುವುದರಲ್ಲಿ ಐಬುಪ್ರೊಫೇನ್ 400, ಪ್ಯಾರಾಸಿಟಮಾಲ್ 325, ಎರಡೂ ಇದೆ. ತಿಂಗಳಿಗೆ ಹದಿನೈದು ದಿನ ನೋವಿನ ಮಾತ್ರೆ ತಗೊಂಡರೆ ಮಾತ್ರೆಯೇ ತಲೆನೋವು ತರಲು ಶುರು ಮಾಡಬಹುದು. ನೀವು ಮಾತ್ರೆ ತಗೊಳ್ಳುವುದು ಮಾತ್ರೆ ತಂದ ತಲೆನೋವಿಗೇ ಇರಬಹುದು. ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ.


ನಿರ್ವಾಹಕ
ಭಾನುವಾರ, ರಾತ್ರಿ 10:31

ಮಗುವಿನ ಜ್ವರಕ್ಕೆ ಎಷ್ಟು ಎಂ.ಎಲ್. ಸಿರಪ್ ಕೊಡಲಿ ಅಂತ ಕೇಳಿದ್ದ ಎರಡು ಪೋಸ್ಟ್ ತೆಗೆದಿದ್ದೇನೆ. ಮಗುವಿನ ತೂಕದ ಮೇಲೆ ಲೆಕ್ಕ ಹಾಕಬೇಕಾದದ್ದು, ಇಲ್ಲಿ ಅಂದಾಜಿನಲ್ಲಿ ಹೇಳಬೇಡಿ. ಒಂದು ಮಾತ್ರ ಸೇರಿಸುತ್ತೇನೆ: ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ ಅಂತ 2011ರಲ್ಲೇ ನಿಷೇಧ ಆಗಿದೆ. ದೊಡ್ಡವರ ಮಾತ್ರೆ ಮುರಿದು ಕಾಲುಭಾಗ ಕೊಡುವ ಅಭ್ಯಾಸ ಇದ್ದರೆ ಬಿಡಿ.


ಕಾನು ಅಂಚು
ಸೋಮವಾರ, ಬೆಳಿಗ್ಗೆ 6:50

ನಾನೂ ಸಾಗರ ಸೀಮೆಯವನೇ. ನಮ್ಮ ಕಡೆಯವರಿಗೆ ಇನ್ನೊಂದು ಹೇಳಲೇಬೇಕು ಮಾರಾಯ್ರೆ. 2018ರ ಕೊನೆ, 2019ರ ಶುರುವಿನಲ್ಲಿ ಅರಳಗೋಡು ಸುತ್ತ ಮಂಗನ ಕಾಯಿಲೆ ಬಂದು ಜನ ಸತ್ತದ್ದು ಮರೆಯುವ ಹಾಗಿಲ್ಲ. ಆಗ ಆರೋಗ್ಯ ಕೇಂದ್ರದವರು ಮನೆಮನೆಗೆ ಬಂದು ಹೇಳಿದ್ದು, ಜ್ವರ ಮೈಕೈ ನೋವು ಅಂತ ಅಂಗಡಿ ಮಾತ್ರೆ ನುಂಗಬೇಡಿ, ಮೊದಲು ರಕ್ತ ಕೊಡಿ ಅಂತ. ಆ ಕಾಯಿಲೆಯಲ್ಲಿ ರಕ್ತಸ್ರಾವ ಆಗುತ್ತದೆ. ಮೈಕೈ ನೋವು ಎಷ್ಟು ಅಂದರೆ ಯಾರಾದರೂ ನೋವಿನ ಮಾತ್ರೆ ಹುಡುಕಲೇಬೇಕು. ಮೇಡಂ ಇದು ಸರಿಯಾ?


ಒಪಿಡಿ ಅಕ್ಕ
ಸೋಮವಾರ, ಬೆಳಿಗ್ಗೆ 7:35

ನೂರಕ್ಕೆ ನೂರು ಸರಿ. ಮಂಗನ ಕಾಯಿಲೆ, ಡೆಂಗಿ, ಇಲಿ ಜ್ವರ ಮೂರಕ್ಕೂ ಇದೇ ಮಾತು. ಮೊದಲೆರಡರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತ ಸೋರುವ ಅಪಾಯ, ಈ ಮಾತ್ರೆಗಳು ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತವೆ. ಇಲಿ ಜ್ವರದಲ್ಲಿ ಕಿಡ್ನಿಗೆ ಮೊದಲೇ ಏಟು ಬಿದ್ದಿರುತ್ತದೆ. 2024ರಲ್ಲಿ ಡೆಂಗಿ ಎಷ್ಟಾಯಿತು ಅಂದರೆ ಸರ್ಕಾರ ಅದನ್ನು ಸಾಂಕ್ರಾಮಿಕ ಅಂತಲೇ ಘೋಷಿಸಿತು. ಆ ಮಳೆಗಾಲದಲ್ಲಿ ನಮ್ಮ ವಾರ್ಡಿಗೆ ಬಂದವರಿಗೆ ಮೊದಲ ಪ್ರಶ್ನೆ, "ಮನೆಯಲ್ಲಿ ಯಾವ ಮಾತ್ರೆ ತಗೊಂಡಿರಿ?" ಕಾರಣ ಗೊತ್ತಿಲ್ಲದ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್. ಅದರಲ್ಲಿ ಬೇರೇನೂ ಸೇರಿರಬಾರದು. ಹೆಸರಿನ ಕೊನೆಗೆ "ಪ್ಲಸ್", "ಪಿ", "ಎಸ್‌ಪಿ" ಅಂತ ಬಾಲ ಇದ್ದರೆ ಶೀಟಿನ ಹಿಂದೆ ತಿರುಗಿಸಿ ಓದಿ.

ಪ್ಯಾರಾಸಿಟಮಾಲ್ ಕೂಡ ಲೆಕ್ಕ ಇಟ್ಟೇ ತಗೊಳ್ಳಬೇಕು. 650ರ ಮಾತ್ರೆ ದಿನಕ್ಕೆ ಆರು ಅಂದರೆ 3.9 ಗ್ರಾಂ, ಆರೋಗ್ಯವಂತ ದೊಡ್ಡವರಿಗೂ ಅದು ಗಡಿ. ತೂಕ ಕಡಿಮೆ ಇದ್ದವರು, ವಯಸ್ಸಾದವರು, ಕುಡಿಯುವವರು ಅದಕ್ಕಿಂತ ತುಂಬಾ ಕೆಳಗೇ ನಿಲ್ಲಬೇಕು.


ಹಳ್ಳಿಮದ್ದು
ಸೋಮವಾರ, ಮಧ್ಯಾಹ್ನ 12:10

ಇಂಗ್ಲಿಷ್ ಮದ್ದು ಅಂದರೆ ಹೀಗೇ. ಸಂದು ನೋವಿಗೆ ಸಂತೆಯಲ್ಲಿ ಪುಡಿ ಸಿಗುತ್ತದೆ, ಬರೀ ಬೇರು ಸೊಪ್ಪು. ನಮ್ಮ ದೊಡ್ಡಪ್ಪನಿಗೆ ಎರಡೇ ದಿನದಲ್ಲಿ ನೋವು ಮಾಯ.


ಕೌಂಟರ್ ಹಿಂದಿನವ
ಸೋಮವಾರ, ಮಧ್ಯಾಹ್ನ 12:44

ಎರಡೇ ದಿನದಲ್ಲಿ ಮಾಯ ಅಂದದ್ದಕ್ಕೇ ನನಗೆ ಅನುಮಾನ. ಬೇರು ಸೊಪ್ಪು ಅಷ್ಟು ಬೇಗ ಕೆಲಸ ಮಾಡಲ್ಲ ಸ್ವಾಮಿ. ಹೆಸರು ವಿಳಾಸ ಇಲ್ಲದ ಪುಡಿಗಳಲ್ಲಿ ಡೈಕ್ಲೋಫೆನಾಕ್, ಸ್ಟಿರಾಯ್ಡ್ ಬೆರೆಸಿ ಸಿಕ್ಕಿಬಿದ್ದದ್ದು ಎಷ್ಟೋ ಇದೆ. ದೊಡ್ಡಪ್ಪನ ಮುಖ ದುಂಡಗೆ ಊದಿದೆಯಾ, ಹಸಿವು ಜಾಸ್ತಿ ಆಗಿದೆಯಾ ನೋಡಿ. ಆಗಿದ್ದರೆ ಅದು ಸ್ಟಿರಾಯ್ಡ್‌ನ ಲಕ್ಷಣ ಇರಬಹುದು, ಪುಡಿಯನ್ನು ಥಟ್ಟನೆ ನಿಲ್ಲಿಸಬೇಡಿ, ಪೊಟ್ಟಣ ಸಮೇತ ಡಾಕ್ಟರ್ ಹತ್ತಿರ ಹೋಗಿ. ಮಾತ್ರೆಗಾದರೂ ಹಿಂದೆ ಬರೆದಿರುತ್ತದೆ, ಈ ಪೊಟ್ಟಣದ ಮೇಲೆ ಏನಿದೆ?


ಹಳ್ಳಿಮದ್ದು
ಸೋಮವಾರ, ಮಧ್ಯಾಹ್ನ 12:58

ಮುಖ ಊದಿದೆ. ಮೈ ಹತ್ತಿದೆ ಅಂತ ನಾವು ಖುಷಿಯಲ್ಲಿದ್ದೆವು.


ತಿಪಟೂರು ತೆಂಗು
ಸೋಮವಾರ, ಮಧ್ಯಾಹ್ನ 1:15

ಅಯ್ಯೋ. ಇವತ್ತೇ ಕರೆದುಕೊಂಡು ಹೋಗಿ.


ಅಡಿಕೆಮನೆ
ಎರಡು ವಾರದ ನಂತರ, ಭಾನುವಾರ ಸಂಜೆ 4:20

ತುಂಬಾ ಜನ ಮೆಸೇಜ್ ಮಾಡಿ ಕೇಳಿದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪಯ್ಯ ಐದನೇ ದಿನ ಮನೆಗೆ ಬಂದರು. ಡಯಾಲಿಸಿಸ್ ಬೇಕಾಗಲಿಲ್ಲ. ಕ್ರಿಯಾಟಿನಿನ್ ಮೊನ್ನೆ 1.5. ಪೂರ್ತಿ ಹಳೇ ಮಟ್ಟಕ್ಕೆ ಬರುತ್ತದೋ ಇಲ್ಲವೋ ಮೂರು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ. ಬಿಪಿ ಮಾತ್ರೆ ಬದಲಾಯಿಸಿದ್ದಾರೆ. ಮುಂದೆ ವಾಂತಿ ಭೇದಿ ಆದರೆ ಆ ದಿನವೇ ಫೋನ್ ಮಾಡಿ, ಯಾವ ಮಾತ್ರೆ ನಿಲ್ಲಿಸಬೇಕು ಹೇಳುತ್ತೇವೆ ಅಂದರು. ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಮಂಡಿಗೆ ಈಗ ಡೈಕ್ಲೋಫೆನಾಕ್ ಜೆಲ್. "ಮತ್ತೆ ಅದೇ ಔಷಧಿ ಅಲ್ವಾ?" ಅಂತ ನಾನು ಜಗಳಕ್ಕೇ ನಿಂತೆ. ಮಾತ್ರೆಯಲ್ಲಿ ರಕ್ತಕ್ಕೆ ಸೇರುವುದರಲ್ಲಿ ನೂರಕ್ಕೆ ಆರು ಪಾಲು ಮಾತ್ರ ಜೆಲ್‌ನಿಂದ ಸೇರುತ್ತದೆ ಅಂತ ಡಾಕ್ಟರ್ ತಾಳ್ಮೆಯಿಂದ ಹೇಳಿದರು. ಆದರೂ ಇವರಿಗೆ ಅದೂ ಕಿಡ್ನಿ ಸುಧಾರಿಸಿದ ಮೇಲೇ, ಎರಡು ವಾರಕ್ಕೆ ಮಾತ್ರ. ಹಚ್ಚಿ ಬಿಸಿನೀರಿನ ಚೀಲ ಇಡುವಂತಿಲ್ಲ, ಕೈ ತೊಳೆಯಬೇಕು. ಜೊತೆಗೆ ವ್ಯಾಯಾಮ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹತ್ತು ಎಣಿಸೋದು, ಎರಡು ಹೊತ್ತು. "ಇದು ಎಂತಹ ಔಷಧಿ" ಅಂತ ಗೊಣಗುತ್ತಲೇ ಮಾಡುತ್ತಾರೆ. ಎಣಿಸುವುದು ಮಾತ್ರ ಎಂಟಕ್ಕೇ ನಿಲ್ಲುತ್ತದೆ.

ಮೆಟ್ಟುಗತ್ತಿಯನ್ನು ಮೇಜಿನೆತ್ತರದ ಹಲಗೆಗೆ ಬಡಿದು ಕೂರಿಸಿದ್ದೇನೆ, ಸ್ಟೂಲ್ ಮೇಲೆ ಕೂತು ಸುಲಿಯುವ ಹಾಗೆ. ಮೊದಲ ದಿನ ಮುಟ್ಟಲಿಲ್ಲ. ಎರಡನೇ ದಿನ ಅಮ್ಮ ಕೂತರು. ಮೂರನೇ ದಿನ "ನೀನು ಅರ್ಧಂಬರ್ಧ ಸುಲಿಯುತ್ತೀ" ಅಂತ ಅಮ್ಮನನ್ನು ಎಬ್ಬಿಸಿ ತಾವೇ ಕೂತರಂತೆ.

ಡಬ್ಬಿಯ ಮುಚ್ಚಳದ ಒಳಗೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಬಿಪಿ ಇದೆ, ಕಿಡ್ನಿ ತೊಂದರೆ ಆಗಿತ್ತು, ನೋವಿನ ಮಾತ್ರೆ ಬೇಡ. ಅದರದೇ ಫೋಟೋ ಪಕ್ಕದ ಮನೆಯವರ ಮೊಬೈಲಿಗೂ ಹೋಗಿದೆ, ಪೇಟೆಯಿಂದ ಏನಾದರೂ ತರುವವರು ಅವರೇ ಆದ್ದರಿಂದ.

ಕೊನೆಯದಾಗಿ, ಆ ಹದಿನೇಳು ತುಂಡು ಇನ್ನೂ ಕವರಿನಲ್ಲೇ ಇದೆ. ಎಲ್ಲಿ ಬಿಸಾಡೋದು?


ಗಟ್ಟಿಜೀವ
ಭಾನುವಾರ, ಸಂಜೆ 4:52

ತಂದೆಯವರು ಹುಷಾರಾದದ್ದು ಕೇಳಿ ಖುಷಿ. ನಾನು ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ ಯುಪಿಐ ನೋಡಿ ಲೆಕ್ಕ ಹಾಕಿದೆ. ಹೋದ ತಿಂಗಳು 19 ದಿನ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ. ಯಾರೂ ನಗಬೇಡಿ.


ಕೌಂಟರ್ ಹಿಂದಿನವ
ಭಾನುವಾರ, ಸಂಜೆ 5:30

ನಗಲ್ಲ. ನನ್ನ ಕೌಂಟರಿಗೂ ಒಂದು ರಟ್ಟು ನೇತುಹಾಕಿದ್ದೇನೆ, "ಬಿಪಿ, ಶುಗರ್, ಕಿಡ್ನಿ, ಹಾರ್ಟ್ ಇದ್ದರೆ ಮೊದಲು ಹೇಳಿ" ಅಂತ. ಮೂರು ದಿನದಲ್ಲಿ ನಾಲ್ಕು ಜನ ಹೇಳಿದರು. ಇಬ್ಬರನ್ನು ವಾಪಸ್ ಕಳಿಸಿದೆ.

ತುಂಡುಗಳನ್ನು ಶೀಟಿನಿಂದ ಬಿಡಿಸಿ, ಕಾಫಿ ಚರಟದ ಜೊತೆ ಕಲಸಿ, ಕವರಿಗೆ ಗಂಟು ಹಾಕಿ ಕಸಕ್ಕೆ ಹಾಕಿ. ಬಾವಿ ಕಡೆ, ತೋಟದ ಕಾಲುವೆ ಕಡೆ ಬೇಡ.


ರಾಮದೇವರ ಬೆಟ್ಟ
ಭಾನುವಾರ, ಸಂಜೆ 5:41

ಕೊಟ್ಟಿಗೆ ಕಡೆಯೂ ಬೇಡ.


ಅಡಿಕೆಮನೆ
ಭಾನುವಾರ, ಸಂಜೆ 5:44

ಕಾಫಿ ಚರಟಕ್ಕೆ ನಮ್ಮ ಮನೆಯಲ್ಲಿ ಬರ ಇಲ್ಲ. ನಾಳೆ ಬೆಳಿಗ್ಗೆಯೇ ಮಾಡುತ್ತೇನೆ.